ಕ್ಯಾಸೆಟ್ ಮ್ಯಾಲ ರಸೂಲಣ್ಣನ ಹೆಸರು

...ಕೌದಿನೇ ಅಂದೆ, ಹೊಚ್ಚಗೊಳ್ಳೋ ಕೌದಿ! ನಗಬ್ಯಾಡ್ರಿ, ಕೇಳ್ರಿ. ನಾಲವಾರದಾಗ ನಮ್ಮನಿ ಠೇಶನ್ ಎದುರಿಗೇ ಇತ್ತಲ್ಲ, ಪದಾ ಎತ್ತಿದ್ರ ಸಾಕು, ಕೂ ಅಂತ ಗಾಡಿ ಬರ್ತಿತ್ತು. ಶಹಾಬಾದಿನ ರಸೂಲಣ್ಣ, ರೇಡಿಯೋ ರಿಪೇರಿ ಮಾಡ್ತಿದ್ದ, ಅಂವ ನಾವು ಓಣಿ ಹೆಣ್ಣುಮಕ್ಕಳು ಹಾಡೋ ಲಗ್ನದ ಪದಾ ಕ್ಯಾಸೆಟ್‌ನಾಗ ತುಂಬ್ಲಿಕ್ಕೆ ಮಷೀನ್ ತಗೊಂಡು ಬಂದಿದ್ದ. ತಲಿ ಕೆರಕೊಂಡು, "ಅಕ್ಕಾ, ಓಣ್ಯಾನ ಕೌದಿ ಎಲ್ಲಾ ತರ್ರಿ" ಅಂದ. ಗ್ವಾಡಿಗೆ, ಬಾಗಲಕ, ಕಿಡಕಿಗೆ, ಎಲ್ಲಾಕಡಿ ಕಟ್ಟೇಬಿಟ್ಟ! ಒಳಗ ನಮಗ ಬೆವರು ಸುರೀಲಿಕತ್ತಿತ್ತು, ಆದ್ರ ಗಾಡಿ ಸಪ್ಪಳ ಮಾತ್ರ ಮಾಯ!

ಆ ಕ್ಯಾಸೆಟ್ ಚಿಂಚೋಳಿ ತನಕ ಲಗ್ನದಾಗ ಹಚ್ಚಿದ್ರು ನೋಡ್ರಿ, ಭಾಳ ಖುಷಿ ನಮಗ. ಆದ್ರ ಡಬ್ಬಿ ಮ್ಯಾಲ ನಮ್ಮ ಹೆಸರದ, ಅದನ್ನ ಮಾರೋ ವಾಡಿ ಊರಿನ ಸಾವಕಾರನ ಹೆಸರದ, ಅವನ ಮೀಸಿ ಫೋಟೋನೂ ಅದ, ರಸೂಲಣ್ಣಂದೇ ಇಲ್ಲ! "ಹೆಸರಿಲ್ಲಂದ್ರ ನನಗ ಯಾರು ಕರೀತಾರಕ್ಕಾ? ಮಷೀನ್ ಮಾರಿ ಫರ್ಸಿ ಕಲ್ಲಿನ ಗಣಿಗೆ ಕೂಲಿಗೆ ಹೋಗ್ತೀನಿ" ಅಂದ.

ಎರಡನೇ ಕ್ಯಾಸೆಟ್‌ಗೆ ನಮ್ಮನ್ಯಾಗ ಮತ್ತ ಕೌದಿ ಕಟ್ಟಿದಾಗ ಸಾವಕಾರ ತಾನೇ ಬಂದು ಕುಂತ. "ಬೀಗರ ಪದಾ ಹಾಡ್ರಿ" ಅಂದ. ಬೀಗರ ಪದಾ ಅಂದ್ರ ಗೊತ್ತಲ್ಲ, ಹೆಸರು ಹಿಡದು ಚಾಷ್ಟಿ ಮಾಡೋದು, ಯಾರೂ ಸಿಟ್ಟಿಗೇಳಂಗಿಲ್ಲ. ನಾನು ಎತ್ತಿದೆ:

"ಸಾವಕಾರ ಬೀಗಾ ಮೀಸಿ ತಿರುವ್ಯಾನ,
ಕೌದಿ ಕಟ್ಟಿದ ರಸೂಲನ ಮರತಾನ!"

ಎಲ್ಲಾ ಹೆಣ್ಣುಮಕ್ಕಳು ಹಿಂದ ಹಾಡೇಬಿಟ್ರು! ರಸೂಲಣ್ಣ ನಗು ತಡೀಲಿಕ್ಕೆ ಬಾಯಾಗ ಹೆಗಲ ಮ್ಯಾಲಿನ ವಲ್ಲಿ ತುರುಕಿಕೊಂಡ. ಸಾವಕಾರ ಕೆಂಪಗಾಗಿ, "ಏ, ಅಳಸೋ ಅದನ್ನ! ಮತ್ತ ಹಾಡ್ರಿ!" ಅಂದ.

"ಮತ್ತ ಹಾಡಿದ್ರೂ ಇದೇ ಹಾಡ್ತೀವ್ರಿ ಸಾವಕಾರ್ರ" ಅಂದೆ.

"ಬ್ಯಾರೇ ಹೆಣ್ಣುಮಕ್ಕಳನ್ನ ಕರಸ್ತೀನಿ!"

"ಕರಸ್ರಿ. ನಮ್ಮ ಕೌದಿ ನಾವು ಒಯ್ತೀವಿ" ಅಂದೆ. ನಮ್ಮ ಜೋಡಿ ಹಾಡೋ ನೀಲಮ್ಮ... ಅಲ್ಲ ಅಲ್ಲ, ಆಕಿ ತಂಗಿ ಶಾಂತಮ್ಮ, ಎದ್ದು ಬಾಗಲ ಕೌದಿ ಸರ್ರಂತ ಎಳದ್ಲು. ನಾನು ಕಿಡಕೀದು ಎಳದೆ. ಅದೇ ಹೊತ್ತಿಗೆ ಮಾಲಗಾಡಿ ಬರಬೇಕಾ! ಕೂ ಅಂತ, ಧಡಧಡ ಅಂತ, ಮನೀ ಒಳಗೇ ಬಂದಂಗ! ಸಾವಕಾರ ಎರಡೂ ಕಿವಿ ಮುಚ್ಚಿಕೊಂಡು, "ಕಟ್ರೀ ಅವ್ವಾ, ಕಟ್ರಿ! ಅವನ ಹೆಸರು ಹಾಕಸ್ತೀನಿ!" ಅಂತ ಒದರಿದ.

ಹಾಕಸ್ದ! ನಮ್ಮ ಹೆಸರಿನ ಬಾಜೂಕೇ, ಅಷ್ಟೇ ದೊಡ್ಡ ಅಕ್ಷರದಾಗ. ಆಮ್ಯಾಲ ಸೇಡಮ್, ಚಿತ್ತಾಪುರ, ತೆಂಗಳಿ, ಎಲ್ಲಾ ಕಡಿಂದ ರಸೂಲಣ್ಣಗ ಕರೆ ಬರ್ಲಿಕತ್ತು. ಮಷೀನ್ ಮಾರೋ ಮಾತೇ ಎತ್ತಲಿಲ್ಲ. ಡಬ್ಬಿ ಕೈಯಾಗ ಹಿಡಕೊಂಡು ಅವತ್ತು ಅಂವ ಅತ್ತಿದ್ದು, ನಾವೂ ಅತ್ತಿದ್ದು!

ಅದಕ್ಕ ಹೇಳ್ತೀನಿ, ರೊಟ್ಟಿ ರುಚಿ ಅದ ಅಂದ್ರ ಸಾಲದು, ಬಡದಾಕಿ ಹೆಸರೂ ತಗೋಬೇಕು. ಏಳ್ರಿ, ಒಳಗ ನಿಮ್ಮವ್ವ ರೊಟ್ಟಿ ಬಡೀಲಿಕತ್ತಾಳ.