ನೆಂಟರಿಗೂ ಬೊಗಳುವ ನಾಯಿ

ಎಂಬತ್ಮೂರರಲ್ಲಿ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಬರಗೂರು ಬಸ್ಸಿಗೆ ಕಾಯುತ್ತಿದ್ದೆ. ಆಸ್ಪತ್ರೆಯಿಂದ ಬಂದ ಕುರಿಗಾರರ ಮನೆಯ ಅತ್ತಿಗೆ, ನಾದಿನಿ ನನ್ನ ಪಕ್ಕದಲ್ಲೇ ಕೂತರು.

"ನಿನ್ ಉಬ್ಸಕ್ಕೆ ಡಾಕ್ಟ್ರು ಏನಂದ್ರು ಅತ್ಗೆ?"

"ರಕ್ತದಾಗೆ ಕಾವಲಿಗೆ ಬಿಳೇ ಕಣಗಳವಂತೆ ಕಣೆ ರಂಗಿ. ಉಣ್ಣೆ ಧೂಳು ಒಳಕ್ಕೋದ್ರೂ ರೋಗವೇ ಬಂತು ಅಂದ್ಕಂಡು ಅದೇನೋ ರಸ ಬುಡ್ತವಂತೆ. ಅದಕ್ಕೇ ಉಸ್ರಿನ ಕೊಳವೆ ಊದ್ಕಂತದಂತೆ."

"ನಮ್ ಕರಿಯ ನಾಯಿ ನೆಂಟರಿಗೂ ಬೊಗಳ್ದಂಗೆ!"

"ಊಂ, ಅಂಗೇಯ."

"ಅಂಗಾರೆ ಆ ಕಣಗಳ್ನೇ ಸಾಯ್ಸಾಕೆ ಔಷ್ದಿ ಕೊಡ್ಬಾರ್ದಾ?"

"ತೋಳ ಬಂದ್ರೆ ಕರಿಯ ಬ್ಯಾಡ್ವೇನೆ? ಆ ಕಣಗಳ್ನ ಗದರಿಸಿ ಕೂರಿಸಾಕೆ ಓದ್ ತಿಂಗ್ಳೇ ಮಾತ್ರೆ ಕೊಟ್ಟವ್ರೆ. ಮುಂಚಿನಂಗೆ ಎದ್ದು ಕೂರ್ದೆ, ಈಗ ರಾತ್ರಿಯೆಲ್ಲ ಮಲಗೇ ನಿದ್ದೆ ಮಾಡ್ತೀನಿ."

ಬಸ್ಸು ಬಂತು. ಅತ್ತಿಗೆ ಎಲ್ಲರಿಗಿಂತ ಮುಂದೆ ಓಡಿ, ಕಿಟಕಿಯೊಳಗೆ ಕೈಚೀಲ ಎಸೆದು ಇಬ್ಬರಿಗೂ ಸೀಟು ಹಿಡಿದಳು.

ಏದುಸಿರು ಬಿಡುತ್ತಾ ಹಿಂದೆ ಬಂದವಳು ನಾದಿನಿ.