ನಡುಗೋಡೆ ಒಂದು, ಮಾಳಿಗೆ ಎರಡು

ನೋಡಿ, ನೀವು ಮಠಕ್ಕೆ ಬಂದು ಕೂತ ರೀತಿ ನೋಡಿದರೇ ಗೊತ್ತಾಗುತ್ತದೆ, ರೋಹಿಣಿ ಮಳೆ ಹತ್ತಿರ ಬಂತು ಅಂತ. ಅರ್ಧ ಜನರ ತಲೆಯಲ್ಲಿ ಸವುಳು ಮಣ್ಣು. ಇನ್ನರ್ಧ ಜನ ಒಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದೀರಿ. ಎಲ್ಲರೂ ಮಳೆಗೆ ಸೋರದಿರಲೆಂದು ಮನೆಯ ಮಾಳಿಗೆಗೆ ಆ ಮಣ್ಣು ಹೊತ್ತು ಬಂದವರು. ಈ ಲೆಕ್ಕಕ್ಕೆ ಸಿಗದ ಕೆಲವರು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದಾರೆ. ಅವರ ಮನೆಗೆ ಸಿಮೆಂಟಿನ ಸ್ಲ್ಯಾಬ್ ಬಿದ್ದಿದೆ, ಮಣ್ಣಿನ ಗೊಡವೆ ಇಲ್ಲ. ಅವರ ಮಾತು ಆಮೇಲೆ.

ಇಂಥವೇ ದಿನಗಳು. ಇಂಥದೇ ಒಂದು ಊರು. ಆ ಊರಲ್ಲೊಬ್ಬ ಸಾವಕಾರ. ಕೆಟ್ಟವನಲ್ಲ. ಕಥೆಯಲ್ಲಿ ಸಾವಕಾರ ಬಂದ ಕೂಡಲೇ ನೀವು ಅವನನ್ನು ಕೆಟ್ಟವನೆಂದು ತೀರ್ಮಾನಿಸಿಬಿಡುತ್ತೀರಿ, ಯಾಕೆಂದರೆ ನೀವು ಸಾವಕಾರರಲ್ಲ. ಇವನು ಒಳ್ಳೆಯವನೇ.

ಅವನಿದ್ದ ಓಣಿಯಲ್ಲಿ ಹನ್ನೊಂದು ಮನೆ. ಹನ್ನೊಂದಕ್ಕೂ ಮಣ್ಣಿನ ಮಾಳಿಗೆ. ಅವನ ಮನೆಗೂ ಪಕ್ಕದ ಮುದುಕಿಯ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆಯ ತೊಲೆಗಳೂ ಆ ಕಡೆಯ ತೊಲೆಗಳೂ ಅದರ ಮೇಲೇ ಕೂತಿದ್ದವು. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ದಿನಕ್ಕೊಂದು ಮಾಳಿಗೆಯಂತೆ ಮನೆಗೊಬ್ಬರು ಸೇರಿ ಮಣ್ಣು ಹಾಕುತ್ತಿದ್ದರು. ಇದಕ್ಕೆ ಮುಯ್ಯಿ ಅನ್ನುತ್ತೇವೆ. ನಿನ್ನೆ ನೀನು ನನ್ನ ಮಾಳಿಗೆ ಹತ್ತಿದ್ದೆ, ಇವತ್ತು ನಾನು ನಿನ್ನದು ಹತ್ತುತ್ತೇನೆ. ಕೂಲಿ ಇಲ್ಲ, ಬರಹ ಇಲ್ಲ. ಮೂವತ್ತು ವರ್ಷ ಸಾವಕಾರನೂ ತಪ್ಪಿಸಿರಲಿಲ್ಲ. ಏಣಿಯ ನಡುವಿನ ಮೆಟ್ಟಿಲು ಅವನ ಜಾಗ. ಕೆಳಗಿನವರು ಕೊಟ್ಟ ಬುಟ್ಟಿಯನ್ನು ಮೇಲಿನವರಿಗೆ ದಾಟಿಸುವುದು ಅವನ ಕೆಲಸ.

ಹಿಂದಿನ ವರ್ಷ ಅವನು ಊರ ಹೊರಗೆ ಹೊಸ ಮನೆಗೆ ಪಾಯ ತೆಗೆಸುತ್ತಿದ್ದ. ಓಣಿಯ ಹತ್ತು ಜನ ಮೊದಲ ದಿನವೇ ಅವನ ಮಾಳಿಗೆಗೆ ಮಣ್ಣು ಹಾಕಿದರು. ಉಳಿದ ಹತ್ತು ಮನೆಗೆ ಅವನು ಹೋಗಲಿಲ್ಲ. ‘ಮುಂದಿನ ವರ್ಷ ತೀರಸ್ತೀನಿ’ ಅಂದ. ಹತ್ತು ದಿನದ ಮುಯ್ಯಿ ಹಾಗೇ ಉಳಿಯಿತು.

ಈ ವರ್ಷ ಹೊಸ ಮನೆ ಎದ್ದು ನಿಂತಿತು. ಇನ್ನು ಇವನ ಚಟ ಕೇಳಿ. ದಿನಾ ಸಂಜೆ ಹಳೆಯ ಮನೆಯಲ್ಲಿ ಕೂತು ಎರಡೂ ಮನೆಯನ್ನು ತೂಗಿ ನೋಡುವುದು.

“ಇಲ್ಲಿ ಉಣ್ಣಾಕ ಕುಂತ್ರ ಜಂತಿ ಸಂದ್ಯಾಗಿಂದ ಗಂಗಾಳದಾಗ ಮಣ್ಣ ಉದರತೈತಿ. ಅಲ್ಲಿ ಮ್ಯಾಲ ನೋಡಿದ್ರ ಬೆಳ್ಳಗ, ಹಾಲ ಬಳದಂಗ.”

ಹೆಂಡತಿ, “ಹೂಂ ರೀ.”

“ಇಲ್ಲಿ ದಿನಾ ಬಾಗಲಕ್ಕ ಹಣಿ ಬಡಸ್ಕೋಬೇಕು. ಅಲ್ಲಿ ಆನಿ ಬಂದ್ರೂ ತಲಿ ತಾಗಂಗಿಲ್ಲ.”

“ನಮ್ಮಲ್ಲಿ ಆನಿ ಎಲ್ಲೈತ್ರಿ?”

ಅವನು ಕೇಳಿಸಿಕೊಳ್ಳಲಿಲ್ಲ. ಹೊಸ ಮನೆ ಕಟ್ಟಿಸುವ ಗಂಡಸಿಗೆ ಆರು ತಿಂಗಳು ಕಿವಿ ಇರುವುದಿಲ್ಲ. ನಗಬೇಡಿ, ಹೆಣ್ಣುಮಕ್ಕಳೇ, ಟೈಲ್ಸ್ ಆರಿಸುವಾಗ ನಿಮಗೂ ಇರುವುದಿಲ್ಲ.

“ಇಲ್ಲಿ ಮಗ್ಗಲ ಮನಿ ಮುದುಕಿ ಕೆಮ್ಮಿದ್ರ ನನಗ ನಿದ್ದಿ ಹತ್ತಂಗಿಲ್ಲ. ಅಲ್ಲಿ ನಾಕೂ ಕಡೆ ಕಂಪೌಂಡು. ಯಾರ ದನೀನೂ ಕೇಳಂಗಿಲ್ಲ.”

“ನಾವು ಕೂಗಿದ್ರ ಯಾರಿಗೆ ಕೇಳತೈತಿ?”

ಅಷ್ಟರಲ್ಲಿ ಗೋಡೆಯಾಚೆಯಿಂದ ಮುದುಕಿಯ ದನಿ ಬಂತು: “ನಾ ಕೆಮ್ಮೂದು ನಿಂದರಸ್ತೀನೋ ಸಾವಕಾರ, ನೀ ಮಲಗು!”

ಹೀಗಿತ್ತು ಅವನ ತಕ್ಕಡಿ. ಒಂದು ತಟ್ಟೆಗೆ ಹಳೆಯ ಮನೆಯ ಕುಂದು, ಇನ್ನೊಂದಕ್ಕೆ ಹೊಸ ಮನೆಯ ಅಂದ. ಹಳೆಯ ಮನೆಯ ಬೇಸಿಗೆಯ ತಂಪನ್ನು ಒಂದು ದಿನವೂ ತಟ್ಟೆಗೆ ಹಾಕಲಿಲ್ಲ. ಸ್ಲ್ಯಾಬಿನ ಕೆಳಗೆ ಒಂದು ಮಧ್ಯಾಹ್ನವೂ ಮಲಗಿ ನೋಡಿರಲಿಲ್ಲ.

ಗೃಹಪ್ರವೇಶ ಸೋಮವಾರ. ಸಾಮಾನು ಸಾಗಿಸಿ, ಹಳೆಯ ಮನೆಗೆ ಚಿಲಕ ಹಾಕಿ, ಓಣಿಯವರನ್ನು ಕರೆಯಲು ಹೊರಟ. ಮೊದಲು ಮುದುಕಿಯ ಮನೆ.

“ಬರತೀವಪ್ಪಾ. ಬರದ ಎಲ್ಲಿ ಹೋಗೂಣು? ಹಂಗ ಒಂದ ಮಾತು. ಈ ಸಲ ನಿನ್ನ ಮಾಳಿಗಿಗೆ ಇನ್ನೂ ಮಣ್ಣ ಬಿದ್ದಿಲ್ಲ.”

“ಬಿಟ್ಟ ಮನಿಗೆ ಮಣ್ಣ ಯಾಕ ಚಿಗವ್ವಾ?”

“ಬಿಟ್ಟಾವ ನೀನು. ಗ್ವಾಡಿ ನನ್ನ ಬಿಟ್ಟಿಲ್ಲಲ್ಲ. ನಿನ್ನ ಮಾಳಿಗಿ ನೀರು ನಡುಗ್ವಾಡಿಗೇ ಇಳಿತೈತಿ. ಹಸಿ ಆದ್ರ ಅದು ನಿಂದ್ರಂಗಿಲ್ಲ. ನನ್ನ ಮಗಳು ಬಾಣಂತಿ ಆ ಗ್ವಾಡಿ ಮಗ್ಗಲದಾಗ ಮಲಗ್ಯಾಳ. ಕೂಸಿಗೆ ಹನ್ನೆಲ್ಡ ದಿನ.”

“ನೋಡೂಣು ಬಿಡು.”

“ಮತ್ತ ಹ್ವಾದ ವರ್ಷದ ಹತ್ತ ದಿನ?”

“ಹೊಸಾ ಮನಿಗೆ ಸ್ಲ್ಯಾಬ್ ಐತಿ ಚಿಗವ್ವಾ. ನನಗಿನ್ನ ಯಾರ ಮುಯ್ಯೀನೂ ಬೇಕಾಗಿಲ್ಲ.”

ಲೆಕ್ಕ ಹೇಗಿದೆ ನೋಡಿ! ಮುಂದೆ ತನಗೆ ಬೇಡ, ಆದ್ದರಿಂದ ಹಿಂದೆ ತಗೊಂಡದ್ದನ್ನೂ ಕೊಡಬೇಕಿಲ್ಲ. ಸಾವಕಾರ ಎಷ್ಟು ಸೇರು ಗೋದಿಯ ಹುಗ್ಗಿ ಬೇಕಾದೀತು ಎಂದು ಎಣಿಸುತ್ತ ಮುಂದಿನ ಮನೆಗೆ ನಡೆದ.

ಸೋಮವಾರ ಬಂತು. ಹಾಲು ಉಕ್ಕಿತು, ಪೂಜೆ ಆಯಿತು. ಪರವೂರ ಬೀಗರು ಬಂದರು, ನೆಲ ಸವರಿ ನೋಡಿದರು, ಉಂಡರು, ಹೋದರು. ಓಣಿಯವರು ಒಬ್ಬರೂ ಇಲ್ಲ. ಹುಗ್ಗಿ ಕೆನೆಗಟ್ಟಿತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಸಾವಕಾರ ಗೇಟಿನ ಬಳಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಅಲ್ಲ, ಅವನು ಆ ಮನೆ ಕಟ್ಟಿಸಿದ್ದು ಯಾರು ನೋಡಲಿ ಅಂತ? ಬೀಗರು ನೋಡಲಿ ಅಂತಲೇ? ಓಣಿಯವರು ನೋಡಲಿ ಅಂತ! ಅವರೇ ಬಾರದಿದ್ದರೆ ಆ ಬಾಗಿಲು ಯಾರಿಗಾಗಿ ಅಷ್ಟು ಎತ್ತರ?

ಸಿಟ್ಟು ನೆತ್ತಿಗೇರಿತು. ರೇಷ್ಮೆ ಪಂಚೆಯಲ್ಲೇ ಹೊರಟ.

“ಬೈಯಾಕ ಹೋಗಬ್ಯಾಡ್ರಿ, ಕರಿಯಾಕ ಹೋಗ್ರಿ,” ಅಂದಳು ಹೆಂಡತಿ.

ಓಣಿಗೆ ಬಂದರೆ ಎಲ್ಲ ಬಾಗಿಲುಗಳೂ ಮುಚ್ಚಿವೆ. ಮೇಲಿನಿಂದ ಮಾತ್ರ ಧಪ್ ಧಪ್ ಎಂದು ಮಣ್ಣು ಬಡಿಯುವ ಸದ್ದು. ಮುದುಕಿಯ ಮಾಳಿಗೆ ನೋಡಿದ. ಅಲ್ಲಿ ಯಾರೂ ಇಲ್ಲ. ಕುತ್ತಿಗೆ ಈ ಕಡೆ ಹೊರಳಿಸಿದ. ಅವನದೇ ಹಳೆಯ ಮನೆಯ ಮಾಳಿಗೆಯ ಮೇಲೆ ಓಣಿಗೆ ಓಣಿಯೇ ನಿಂತಿದೆ!

“ಯಾರ ಮನಿ ಮ್ಯಾಲ ಹತ್ತೀರಿ?” ಎಂದು ಕೂಗಿದ.

ಮುದುಕಿ ಕೆಳಗೆ ಬುಟ್ಟಿ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ. “ಯಾರೋ ಬಿಟ್ಟ ಹ್ವಾದ ಮನಿ ಯಪ್ಪಾ. ನಿನಗೇನರ ಅವರ ಗುರ್ತ ಐತೇನು?”

ಮೇಲಿಂದ ಒಬ್ಬ ಬಗ್ಗಿ ಹೇಳಿದ: “ಮುಂಜಾನೇನ ನಿಮ್ಮ ಮನಿಗೆ ಹೊಂಟಿದ್ವಿ ಸಾವಕಾರ್ರ. ಮುಗಲ ನೋಡಿದ್ವಿ. ಇದನ್ನ ಬಿಟ್ಟ ಹುಗ್ಗಿ ಉಣ್ಣಾಕ ಬಂದ್ರ, ರಾತ್ರಿ ಆ ಬಾಣಂತಿ ಹ್ಯಾಂಗ ಮಲಗಬೇಕು?”

ಸಾವಕಾರ ಏಣಿಯ ಕಡೆ ನೋಡಿದ. ಮಣ್ಣಿನ ಗುಡ್ಡೆಯಿಂದ ಮಾಳಿಗೆಯವರೆಗೆ ಸಾಲು ನಿಂತಿತ್ತು. ಏಣಿಯ ನಡುವೆ ಮಾತ್ರ ಖಾಲಿ. ಕೆಳಗಿನವನು ತುದಿಗಾಲಲ್ಲಿ ನಿಂತು ಬುಟ್ಟಿ ಎತ್ತುತ್ತಿದ್ದ, ಮೇಲಿನವನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚುತ್ತಿದ್ದ. ಮೂರರಲ್ಲೊಂದು ಬುಟ್ಟಿ ನಡುವೆಯೇ ಚೆಲ್ಲುತ್ತಿತ್ತು.

ಆ ಜಾಗ ಯಾರದು? ಹೇಳಿ ನೋಡೋಣ. ಯಾರದು?

ಅವನು ರೇಷ್ಮೆ ಪಂಚೆ ಎತ್ತಿ ಕಟ್ಟಿದ. ನಡುವಿನ ಮೆಟ್ಟಿಲಿಗೆ ಹತ್ತಿ ನಿಂತ. ಯಾರೂ ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬುಟ್ಟಿ ಬಂತು. ದಾಟಿಸಿದ. ಇನ್ನೊಂದು ಬಂತು.

ಕೊನೆಯ ಬುಟ್ಟಿ ಮೇಲೆ ಹೋಗಿ ಮಣ್ಣು ಬಡಿದು ಮುಗಿಸುವ ಹೊತ್ತಿಗೆ ಎತ್ತಿನ ಗಾಡಿಯೊಂದು ಓಣಿಗೆ ಬಂತು. ಮೇಲೆ ಹುಗ್ಗಿಯ ಹಂಡೆ, ಅನ್ನದ ಬುಟ್ಟಿ, ನಡುವೆ ಹೆಂಡತಿ. ಗಂಡ ತಿರುಗಿ ಬರಲಿಲ್ಲ ಅಂದ ಮೇಲೆ ಏನಾಗಿದೆ ಎಂದು ಅವಳಿಗೆ ತಿಳಿದಿತ್ತು. ಹನಿ ಬೀಳತೊಡಗಿತು. ಹಳೆಯ ಮನೆಯ ಚಿಲಕ ತೆಗೆದು ಎಲ್ಲರೂ ಒಳಗೆ ನುಗ್ಗಿದರು. ಸಾವಕಾರ ಹಣೆ ಬಡಿಸಿಕೊಂಡೇ ಒಳಗೆ ಬಂದ. ಹೊಸ ಮನೆಯ ಊಟ ಹಳೆಯ ಮನೆಯಲ್ಲಿ ನಡೆಯಿತು. ಹೊರಗೆ ಮಳೆ ಹೊಡೆಯಿತು, ಗೋಡೆಯಾಚೆ ಕೂಸು ಅತ್ತಿತು, ಸುಮ್ಮನಾಯಿತು. ಒಂದು ಹನಿ ಸೋರಲಿಲ್ಲ. ಜಂತಿಯ ಸಂದಿಯಿಂದ ಒಂದು ಚೂರು ಮಣ್ಣು ಮಾತ್ರ ಸಾವಕಾರನ ಹುಗ್ಗಿಗೆ ಬಿತ್ತು. ಎಲ್ಲರೂ ಅವನ ಮುಖ ನೋಡಿದರು. ಅವನು ಕಲಸಿಕೊಂಡು ಉಂಡ.

“ಚಿಗವ್ವಾ, ಹತ್ತರಾಗ ಇವತ್ತಿಂದು ಒಂದ ದಿನ ತೀರಿತಲ್ಲ?”

“ಹ್ಯಾಂಗ ತೀರಿತು? ಇದು ನಿನ್ನ ಮಾಳಿಗಿ. ನಿನ್ನ ಮಾಳಿಗಿಗೆ ನೀ ದುಡದ್ರ ಅದು ಮುಯ್ಯಿ ಅಲ್ಲ. ಇವತ್ತ ಮತ್ತ ಹತ್ತ ಮಂದಿ ನಿನಗ ದುಡದಾರ. ಹತ್ತಿದ್ದದ್ದು ಇಪ್ಪತ್ತಾತು ನೋಡು!”

ಓಣಿ ಬಿದ್ದು ಬಿದ್ದು ನಕ್ಕಿತು. ಹೊಸ ಮನೆಯಲ್ಲಿದ್ದುಕೊಂಡೇ ಅವನು ಪ್ರತಿ ವರ್ಷ ರೋಹಿಣಿಗೆ ಮೊದಲು ಓಣಿಗೆ ಬಂದು ಹತ್ತು ದಿನ ಏಣಿಯ ಮೇಲೆ ನಿಂತ. ಓಣಿಯವರೂ ಪ್ರತಿ ವರ್ಷ ಅವನ ಖಾಲಿ ಮನೆಗೆ ಮಣ್ಣು ಹಾಕಿದರು. ಹೀಗಾಗಿ ಆ ಬಾಕಿ ಕೊನೆಯವರೆಗೂ ತೀರಲಿಲ್ಲ. ತೀರಿಸಿ ಕೈ ತೊಳೆದುಕೊಳ್ಳುವ ಅವಸರ ಅವನಿಗೂ ಉಳಿದಿರಲಿಲ್ಲ.

ಈಗ ಮುಂದಿನ ಸಾಲಿನವರ ಮಾತು. ಯಾಕೆ ತಲೆ ತಗ್ಗಿಸಿದಿರಿ? ಮನೆ ಕಟ್ಟಿಸಿ. ಎತ್ತರದ ಬಾಗಿಲು ಇಡಿಸಿ, ಒಳಗೇ ನಲ್ಲಿ ಹಾಕಿಸಿ. ತಪ್ಪೇನಿಲ್ಲ. ಮುದುಕಿ ಕೂಡ ಅವನಿಗೆ ಹೋಗಬೇಡ ಅನ್ನಲಿಲ್ಲ. ಆದರೆ ಎರಡು ಮನೆ ತೂಗುವ ಚಟ ಇದ್ದರೆ ಪೂರ್ತಿ ತೂಗಿ. ಈ ಮನೆ ನಿಲ್ಲಲು ಯಾರ ಕೈ ಎಷ್ಟು ಹತ್ತಿದೆ, ನೀವು ಎದ್ದು ಹೋದರೆ ಯಾರ ಗೋಡೆ ನೆನೆಯುತ್ತದೆ, ಅದನ್ನೂ ತಕ್ಕಡಿಗೆ ಹಾಕಿ. ಲೇಔಟಿನಲ್ಲಿ ಸೈಟು ಹಿಡಿದವರೇ, ಸಾಮಾನು ಕಟ್ಟುವ ಮೊದಲು ಪಕ್ಕದ ಮನೆಗೆ ಹೋಗಿ ಕೂತು, ‘ನನ್ನದೇನಾದರೂ ಉಳಿದಿದೆಯಾ?’ ಎಂದು ಕೇಳಿ. ಉಳಿದೇ ಇರುತ್ತದೆ. ಹೆಣ್ಣುಮಕ್ಕಳೇ, ನಿಮ್ಮ ಬಾಣಂತನಕ್ಕೆ ನೀರು ಕಾಯಿಸಿದವಳ ಮನೆಯಲ್ಲಿ ಇವತ್ತು ಯಾರು ಕಾಯಿಲೆ ಬಿದ್ದಿದ್ದಾರೆ? ಗೊತ್ತಿಲ್ಲವೇ? ಹಾಗಿದ್ದರೆ ಹೋಗುವಾಗ ಆ ದಾರಿಯಲ್ಲೇ ಹೋಗಿ.

ನಗುತ್ತಿದ್ದೀರಿ. ನಕ್ಕದ್ದು ಯಾಕೆಂದು ನನಗೆ ಗೊತ್ತು. ತಲೆಯ ಮೇಲೆ ನೋಡುತ್ತಿದ್ದೀರಿ. ಹೌದು, ಈ ಮಠಕ್ಕೂ ಮೂರು ವರ್ಷದ ಹಿಂದೆ ಸ್ಲ್ಯಾಬ್ ಬಿತ್ತು. ಅದಕ್ಕೆ ಮೊದಲು ಪ್ರತಿ ವರ್ಷ ಇದರ ಮಾಳಿಗೆಗೆ ಮಣ್ಣು ಹೊತ್ತವರು ನೀವು. ಆಗೆಲ್ಲ ಮಠದಿಂದ ಒಬ್ಬರಾದರೂ ನಿಮ್ಮ ಮಾಳಿಗೆಗೆ ಬರುತ್ತಿದ್ದೆವು. ಸ್ಲ್ಯಾಬ್ ಬಿದ್ದ ಮೇಲೆ ಬಂದಿಲ್ಲ.

ಬಾವಿ ಓಣಿಯ ಸಂಕವ್ವ ಹಿಂದೆ ಕಂಬಕ್ಕೆ ಒರಗಿ ಕೂತಿದ್ದಾಳೆ. ಅವಳ ಮಾಳಿಗೆಗೆ ಇನ್ನೂ ಮಣ್ಣು ಬಿದ್ದಿಲ್ಲ. ಸಂಕವ್ವಾ, ನಾಳೆ ಬೆಳಗಾಗುತ್ತಲೇ ಏಣಿ ತೆಗೆದಿಡು. ಬುಟ್ಟಿ ನಾನು ತರುತ್ತೇನೆ. ಮುಂದಿನ ಸಾಲಿನವರು ಇಸ್ತ್ರಿ ಅಂಗಿ ಬಿಟ್ಟು ಬನ್ನಿ.