ಮುಂಜಾನಿಯ ಫೋನು

೨೦೦೮ರ ಒಂದು ಮಧ್ಯಾಹ್ನ ಬುರಾನಸಾಬರು ಸವದತ್ತಿ ಬಸ್ ನಿಲ್ದಾಣದಲ್ಲಿ ಕಟಕೋಳದ ಬಸ್ಸಿಗೆ ಕಾಯುತ್ತಾ ಕುಳಿತಿದ್ದರು. ಪಕ್ಕದ ಬೆಂಚಿನಿಂದ ‘ಸರ್ಟಿಫಿಕೇಟ್’ ಎಂಬ ಮಾತು ಕೇಳಿಸಿದ್ದೇ ಅವರ ಕಿವಿ ನಿಮಿರಿತು. ಅವರೂ ಅಂಥದ್ದೊಂದಕ್ಕೆ ಬೆಳಗಿನಿಂದ ಕಚೇರಿ ಸುತ್ತಿ ಬಂದಿದ್ದರು. ಆದರೆ ಇದು ಬೇರೆಯೇ ಸರ್ಟಿಫಿಕೇಟು. ಮಾತಾಡುತ್ತಿದ್ದವನು ಬೀಜದ ಕಂಪನಿಯೊಂದರ ಬೆಳಗಾವಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಕೇಳುತ್ತಿದ್ದವಳು ಅದೇ ಕಂಪನಿಯ ಸವದತ್ತಿ ಶಾಖೆಯವಳು.

“ಬೆಳಗಾವಿ ಕಂಪ್ಯೂಟರಿನ ಗುರ್ತಿನ ಸರ್ಟಿಫಿಕೇಟ್ ಮಾಡಿ ನಿಮ್ಮ ಕಂಪ್ಯೂಟರಿನ್ಯಾಗ ಹಾಕೇನ್ರಿ, ಶೀತಲ. ಇನ್ನ ಅದಕ್ಕ ಇಲ್ಲಿಂದನ ಸೀದಾ ಕೂಡತೈತಿ.”

“ಆ ಕಡಿ ಕಂಪ್ಯೂಟರಿನ ಗುರ್ತಿಲ್ಲ, ಆದ್ರೂ ನಂಬತೀರೇನು ಅಂತ ನನ್ನ ಕಂಪ್ಯೂಟರು ದಿನಾ ಕೇಳ್ತಿತ್ತಲ್ರಿ?”

“ಇನ್ನ ಕೇಳೂದಿಲ್ರಿ.”

“ಅಂದ್ರ ನಾ ನಿಮಗ ಫೋನ್ ಮಾಡಿ, ಹೌದು ಅಂತ ಒತ್ತಲೇನ್ರಿ ಅನ್ನೂದೂ ಇಲ್ಲ.”

“ಇಲ್ರಿ.”

“ಎಷ್ಟೊತ್ತಿನ ಕೆಲಸರಿ ಇದು?”

“ಹತ್ತು ನಿಮಿಷದ್ದು.”

“ಮತ್ತ ಎರಡು ವರ್ಷ ಯಾಕ ಮಾಡ್ಲಿಲ್ರಿ, ಸಿದ್ಧಾರೂಢ?”

ಅವನು ಕಾಲ ಬಳಿಯ ಬ್ಯಾಗಿನ ಪಟ್ಟಿ ಸರಿಮಾಡಿದ.

“ಮಾಡಿದ್ರ ಮುಂಜಾನಿ ನಿಮ್ಮ ಫೋನ್ ಬರ್ತಿರಲಿಲ್ರಿ.”

“ಈಗ್ಯಾಕ ಮಾಡಿದ್ರಿ?”

“ರಾಯಚೂರಿಗೆ ಬದಲಿ ಆಗೈತ್ರಿ, ಸೋಮವಾರ ಹೊಂಟೇನಿ. ನನ್ನ ಜಾಗಕ್ಕ ಬರೂ ಹೊಸಬಗ ಆ ಫೋನ್ ಹೋಗೂದು ನನಗ ಮನಸ್ಸಿಗೆ ಬರಲಿಲ್ರಿ.”

ಬೆಳಗಾವಿಯ ಬಸ್ಸು ಬಂದು ನಿಂತಿತು. ಅವನು ಏಳುವ ಮೊದಲೇ ಶೀತಲ ಅವನ ಬ್ಯಾಗು ಎತ್ತಿಕೊಂಡು ನಡೆದಳು.

“ರಾಯಚೂರಿನ ನಂಬರ್ ಹೇಳ್ರಿ,” ಎಂದಳು, ತಿರುಗದೆಯೇ.

ಅವನು ಒಂದೊಂದೇ ಅಂಕಿ ಹೇಳುತ್ತಾ ಅವಳ ಹಿಂದೆ ಹೋದ. ಬಸ್ಸಿನ ಸದ್ದಿನಲ್ಲಿ ಕೊನೆಯ ಎರಡು ಬುರಾನಸಾಬರಿಗೆ ಕೇಳಿಸಲಿಲ್ಲ.